ಮಾವ ನಡುಗಿದ್ದು ಅಳುವಿಗಲ್ಲ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಸರಿಯಾಗಿ ನೆನಪಿರಲು ಕಾರಣ ಹಲಸಿನ ಹಪ್ಪಳ. ಅಂಗಳದ ಚಾಪೆಯಲ್ಲಿ ಒಣಗಲು ಹಾಕಿದ್ದ ಹಪ್ಪಳವನ್ನು ಹನ್ನೊಂದೂವರೆಗೆ ಮಗುಚಬೇಕೆಂದು ಅಮ್ಮ ಹೇಳಿದ್ದರು. ಇನ್ನೂ ಹತ್ತು ನಿಮಿಷ ಉಂಟಲ್ಲ ಎಂದು ಕೈಗಡಿಯಾರ ನೋಡಿ ತಲೆ ಎತ್ತಿದೆ. ಗೇಟಿನ ಹತ್ತಿರ ಬಿಳಿ ಪಂಚೆ, ಅರೆತೋಳಿನ ಅಂಗಿಯ ಒಬ್ಬರು ನಿಂತಿದ್ದರು. ಕೈಯಲ್ಲಿ ಬಟ್ಟೆಯ ಚೀಲ. ಅವರನ್ನು ನಾನು ಅದಕ್ಕೆ ಮೊದಲು ನೋಡಿದ್ದಿಲ್ಲ. ಆದರೂ ಯಾರೆಂದು ತಿಳಿಯಿತು. ಬನ್ನಿ ಎಂದು ಕಾಗದ ಬರೆದವಳು ನಾನೇ.

ಅವರು ಅಮ್ಮನ ಒಬ್ಬನೇ ಅಣ್ಣ, ನನ್ನ ಸೋದರಮಾವ. ಬೆಳ್ತಂಗಡಿ ತಾಲೂಕಿನ ಅಳದಂಗಡಿಯ ಹತ್ತಿರ ಅವರ ಮನೆ. ನಮ್ಮದು ಬಂಟ್ವಾಳ ತಾಲೂಕಿನ ಮಾಣಿ. ಬಸ್ಸು ಬದಲಿಸಿ ಬಂದರೂ ಒಂದು ಬೆಳಗ್ಗಿನ ದಾರಿ. ಆ ದಾರಿಯನ್ನು ಅಣ್ಣತಂಗಿ ಇಬ್ಬರೂ ಹತ್ತೊಂಬತ್ತು ವರ್ಷ ತುಳಿದಿರಲಿಲ್ಲ.

ನಾನು ಅಮ್ಮನ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ತುಂಬಿ ಇದ್ದಾಗ ಅಳದಂಗಡಿಯಲ್ಲಿ ಅಜ್ಜಿ ತೀರಿಕೊಂಡರು. ತುಂಬು ಬಸುರಿಗೆ ಸಾವಿನ ಸುದ್ದಿ ಹೇಳಬಾರದು, ಹೆಣ ತೋರಿಸಬಾರದು ಎಂಬುದು ನಮ್ಮ ಹಿರಿಯರ ನಂಬಿಕೆ. ಮಾವ ಹೇಳಿ ಕಳುಹಿಸಲಿಲ್ಲ. ಅಪ್ಪನಿಗೆ ಗುಟ್ಟಾಗಿ ಗೊತ್ತಿತ್ತು, ಅವರೂ ಬಾಯಿ ಬಿಡಲಿಲ್ಲ. ಹೆರಿಗೆಯಾಗಿ ನಲವತ್ತು ದಿನ ಕಳೆದ ಮೇಲೆ ಅಮ್ಮ ನನ್ನನ್ನು ಎತ್ತಿಕೊಂಡು, ಅಜ್ಜಿಗೆ ಮೊಮ್ಮಗಳನ್ನು ತೋರಿಸಲೆಂದು ಹೊರಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು, ಅಷ್ಟೇ. ತವರಿನ ಒಳಕೋಣೆಗೆ ಹೋದರೆ ಅಜ್ಜಿಯ ಮಂಚದ ಮೇಲೆ ತೆಂಗಿನಕಾಯಿ ರಾಶಿ ಹಾಕಿದ್ದರಂತೆ.

ಅಮ್ಮ ಅಂಗಳಕ್ಕೆ ಬಂದು, ನನ್ನನ್ನು ಎದೆಗೊತ್ತಿಕೊಂಡೇ, "ಹೆತ್ತವಳ ಮುಖ ತೋರಿಸದವನ ಮನೆಯ ನೀರು ನಾನು ಮುಟ್ಟಲಿಕ್ಕಿಲ್ಲ, ಕ್ಷೇತ್ರದ ದೇವರಾಣೆ" ಎಂದರು. ಮಾವನೂ ಅದೇ ರಕ್ತದವರು. "ಹಾಗಾದರೆ ನಿನ್ನ ಮನೆಯದ್ದು ನನ್ನ ಗಂಟಲಿನಲ್ಲಿಯೂ ಇಳಿಯಲಿಕ್ಕಿಲ್ಲ, ಅದೇ ದೇವರಾಣೆ" ಎಂದರು.

ನಮ್ಮ ಕಡೆಯವರಿಗೆ ಇದರ ಭಾರ ಹೇಳಬೇಕಾಗಿಲ್ಲ. ಕ್ಷೇತ್ರದ ಹೆಸರಿನಲ್ಲಿ ಆಣೆ ಹಾಕಿದವರು ಅದನ್ನು ಮನೆಯಲ್ಲಿ ಕೂತು ಮರೆಯುವ ಹಾಗಿಲ್ಲ. ಅಲ್ಲಿಗೇ ಹೋಗಿ, ತಪ್ಪಾಯಿತೆಂದು ಕಾಣಿಕೆ ಹಾಕಿ, ಬಿಡಿಸಿಕೊಂಡು ಬರಬೇಕು. ಇಬ್ಬರದ್ದಾದರೆ ಇಬ್ಬರೂ ಹೋಗಬೇಕು. ಅದಕ್ಕೆ ಯಾರಾದರೂ ಒಬ್ಬರು ಇನ್ನೊಬ್ಬರನ್ನು ಮೊದಲು ಕರೆಯಬೇಕಲ್ಲ!

ನಾನು ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ. ಎರಡನೆಯ ವರ್ಷ ನಮ್ಮ ಅಧ್ಯಾಪಕಿಯೊಬ್ಬರು ಹೀಬ್ರೂ ಭಾಷೆಯ ಹಳೆಯ ಧರ್ಮಗ್ರಂಥದಿಂದ ಒಂದು ಕಥೆ ಹೇಳಿದರು. ಹೊಟ್ಟೆಕಿಚ್ಚಿನಿಂದ ಅಣ್ಣಂದಿರು ತಮ್ಮನನ್ನು ನೀರಿಲ್ಲದ ಬಾವಿಗೆ ಹಾಕಿ, ಆಮೇಲೆ ಪರದೇಶದವರಿಗೆ ಮಾರುತ್ತಾರೆ. ಅವನು ಅಲ್ಲಿ ದೊಡ್ಡ ಅಧಿಕಾರಿಯಾಗುತ್ತಾನೆ. ಬರಗಾಲ ಬಂದು ಅಣ್ಣಂದಿರು ಧಾನ್ಯಕ್ಕಾಗಿ ಅವನ ಮುಂದೆಯೇ ಬಂದು ನಿಲ್ಲುತ್ತಾರೆ. ಅವರಿಗೆ ಇವನ ಗುರುತಾಗುವುದಿಲ್ಲ. ಇವನಿಗೆ ಎಲ್ಲರ ಗುರುತೂ ಸಿಗುತ್ತದೆ. ದುಭಾಷಿಯನ್ನು ನಡುವೆ ಇಟ್ಟುಕೊಂಡು ಮಾತಾಡುತ್ತಾನೆ. ಅವರು ತಮ್ಮ ಭಾಷೆಯಲ್ಲಿ ತಮ್ಮ ಹಳೆಯ ಪಾಪವನ್ನು ಮಾತಾಡಿಕೊಳ್ಳುವುದು ಕೇಳಿ ಮುಖ ತಿರುಗಿಸಿ ಅಳುತ್ತಾನೆ. ಇನ್ನೊಮ್ಮೆ ಬರುವಾಗ ಅವರು ಕರೆತಂದ, ತನ್ನದೇ ತಾಯಿಯ ಹೊಟ್ಟೆಯ ಕಿರಿಯ ತಮ್ಮನನ್ನು ಕಂಡಾಗ ತಡೆಯಲಾಗದೆ ಒಳಕೋಣೆಗೆ ಓಡಿ ಅತ್ತು, ಮುಖ ತೊಳೆದುಕೊಂಡು ಬಂದು ಊಟ ಬಡಿಸಿ ಎನ್ನುತ್ತಾನೆ. ಕೊನೆಗೊಮ್ಮೆ ಹೊರಗಿನವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಅತ್ತು ತಾನು ಯಾರೆಂದು ಹೇಳಿಬಿಡುತ್ತಾನೆ.

ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ನಾನು ಮಾತ್ರ ಕ್ಲಾಸು ಬಿಟ್ಟ ಕೂಡಲೇ ಆ ಗ್ರಂಥ ಹುಡುಕಿದೆ. ಆ ಕಥೆಯಲ್ಲಿ ಅವನು ಎಷ್ಟು ಸಲ ಅಳುತ್ತಾನೆ ಎಂದು ಲೈಬ್ರರಿಯಲ್ಲಿ ಕೂತು ಲೆಕ್ಕ ಹಾಕಿದೆ. ಅದರ ಮೇಲೆ ಪ್ರಬಂಧ ಬರೆದೆ. ಇಷ್ಟು ವರ್ಷ ಕೂಡಿಟ್ಟ ಪ್ರೀತಿ ಮೊದಲು ಹೊರಬರುವುದು ಮಾತಿನಲ್ಲಿ ಅಲ್ಲ, ದೇಹದಲ್ಲಿ, ನಡುಕದಲ್ಲಿ, ಕಣ್ಣೀರಿನಲ್ಲಿ ಎಂದೆಲ್ಲ ಬರೆದಿದ್ದೆ. ಅಧ್ಯಾಪಕಿ ಒಳ್ಳೆಯ ಮಾತು ಬರೆದುಕೊಟ್ಟರು. ಅದೇ ಉತ್ಸಾಹದಲ್ಲಿ ಮಾವನಿಗೊಂದು ಕಾಗದ ಹಾಕಿದೆ: "ಅಮ್ಮ ನಿಮ್ಮ ವಿಷಯ ಎತ್ತುವುದಿಲ್ಲ. ಆದರೆ ಬೆಳ್ತಂಗಡಿ ಬೋರ್ಡಿನ ಬಸ್ಸು ಹೋದರೆ ಕೊನೆಯವರೆಗೆ ನೋಡ್ತಾರೆ. ರಜೆಯಲ್ಲಿ ನಾನು ಮನೆಯಲ್ಲಿರ್ತೇನೆ. ಬನ್ನಿ."

ಬಂದರು.

ಅಮ್ಮ ಹಪ್ಪಳದ ಚಾಪೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದವರು ಮುಖ ನೋಡುವ ಮೊದಲೇ, ನಡಿಗೆ ನೋಡಿಯೇ ಎದ್ದರು. ಒಳಗೆ ಹೋದರು. ಸಿಟ್ಟಿನಿಂದ ಹೋದರೆಂದು ನನಗೆ ಹೆದರಿಕೆಯಾಯಿತು. ಆದರೆ ತಿರುಗಿ ಬರುವಾಗ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದು ಬೆಲ್ಲದ ತುಂಡು, ಒಂದು ಚೊಂಬು ನೀರು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಇಡುವುದು ನಮ್ಮಲ್ಲಿ ಕೈಗೆ ಅಂಟಿದ ಅಭ್ಯಾಸ. ಆಣೆಯ ನೆನಪು ತಲೆಗೆ ಬರುವ ಮೊದಲೇ ಅಮ್ಮನ ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು. ಜಗಲಿಯ ಅಂಚಿನಲ್ಲಿ ಇಟ್ಟು, ಆಮೇಲೆ ಏನು ಮಾಡಿದೆನೆಂದು ಗೊತ್ತಾಗಿ, ಅಮ್ಮ ಕಂಬ ಹಿಡಿದು ನಿಂತರು. ಮಾವ ಜಗಲಿಯಲ್ಲಿ ಕೂತು ಆ ಬೆಲ್ಲವನ್ನೇ ನೋಡತೊಡಗಿದರು.

ಮಾವನ ಕೈ ನಡುಗುತ್ತಿತ್ತು. ಹಣೆಯಲ್ಲಿ, ಮೂಗಿನ ಕೆಳಗೆ ಬೆವರು. ತುಟಿ ಅದುರುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಕಣ್ಣಿನಲ್ಲಿ ನೀರಿತ್ತೋ ಬೆವರು ಇಳಿದಿತ್ತೋ ತಿಳಿಯದು. ನಾನು ಮೂರು ಮಾರು ದೂರದಲ್ಲಿ ನಿಂತು ಸಂತೋಷದಿಂದ ನೋಡುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆ. ಪುಸ್ತಕದಲ್ಲಿ ಓದಿದ್ದು ನಮ್ಮ ಅಂಗಳದಲ್ಲಿ ನಡೆಯುತ್ತಿದೆ, ನಾನು ಬರೆದ ಪ್ರಬಂಧವೇ ಸರಿ ಎಂದುಕೊಳ್ಳುತ್ತಿದ್ದೆ. ಹತ್ತು ಹನ್ನೆರಡು ನಿಮಿಷ ಹಾಗೇ ಹೋಯಿತು. ನಡುವೆ ಬರಬಾರದೆಂದು ಒಂದು ಮಾತನ್ನೂ ಆಡಲಿಲ್ಲ.

ಮಾವ ತಟ್ಟನೆ ಸಿಡುಕಿದರು. "ಯಾರಿದು? ಬಸ್ಸು ಬಂತಾ? ಅಮ್ಮ ಎಲ್ಲಿ?"

"ಅಣ್ಣಾ, ನಾನು" ಎಂದರು ಅಮ್ಮ. ಹತ್ತೊಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು.

"ಅಮ್ಮನನ್ನು ಕರಿ" ಎಂದು ಮಾವ ಎದ್ದು, ಒಂದು ಹೆಜ್ಜೆ ಇಟ್ಟು, ಹಪ್ಪಳದ ಚಾಪೆಯ ಮೇಲೆ ಪಕ್ಕಕ್ಕೆ ಬಿದ್ದರು. ಅಂಗಿಯ ಕಿಸೆಯಿಂದ ಮಾತ್ರೆಯ ಹಾಳೆ ಹೊರಗೆ ಜಾರಿತು.

ಅಮ್ಮ ಓಡಿಬಂದು ತಲೆಯನ್ನು ಮಡಿಲಿಗೆ ಎತ್ತಿಕೊಂಡರು. ತಟ್ಟೆಯ ಬೆಲ್ಲ ತೆಗೆದು ಮುರಿದರು. ಶಾಲೆಯಲ್ಲಿ ಏಳನೆಯ ಕ್ಲಾಸು ದಾಟದ ಅಮ್ಮನಿಗೆ ಅದು ಔಷಧವೆಂದು ಗೊತ್ತಿರಲಿಲ್ಲ. ತಲೆ ತಿರುಗಿ ಬಿದ್ದವನಿಗೆ ಸಿಹಿ ಕೊಡುವುದು ಅವರಿಗೆ ಗೊತ್ತಿದ್ದ ಒಂದೇ ಉಪಾಯ. ಆಣೆಯನ್ನು ಅವರು ಆ ಕ್ಷಣದಲ್ಲಿ ಕಾಲಕಸ ಮಾಡಿದ್ದರು. ಬೆಲ್ಲ ಮಾವನ ತುಟಿಯ ಹತ್ತಿರ ಬಂದಿತ್ತು.

ನಾನು ಮಾತ್ರೆಯ ಹಾಳೆ ಓದಿದೆ. ಸಕ್ಕರೆ ಕಾಯಿಲೆಯ ಮಾತ್ರೆ. "ಬೇಡಮ್ಮ! ಶುಗರ್ ಇದ್ದವರು! ಬೆಲ್ಲ ಕೊಟ್ಟರೆ ಸತ್ತೇ ಹೋಗ್ತಾರೆ!" ಎಂದು ಕಿರುಚಿ ಅಮ್ಮನ ಕೈ ಹಿಡಿದುಕೊಂಡೆ. ಗಟ್ಟಿಯಾಗಿ ಹಿಡಿದೆ. ಅಮ್ಮ ಕೊಸರಿದರು. ಬಿಡಲಿಲ್ಲ. ಮಗಳು ಓದಿದವಳಲ್ಲವಾ, ಅಮ್ಮ ಕೊನೆಗೆ ನಂಬಿದರು. ಬೆಲ್ಲ ಕೈಯಲ್ಲೇ ಉಳಿಯಿತು. ಮಾವನ ಕಣ್ಣುಗುಡ್ಡೆ ಮೇಲೆ ಹೋಗಿತ್ತು.

ಎಷ್ಟು ಹೊತ್ತು ಹಿಡಿದಿದ್ದೆ? ನಾಲ್ಕು ನಿಮಿಷ ಇರಬಹುದು, ಐದು ಇರಬಹುದು. ಇಂದಿಗೂ ಬಟ್ಟೆ ಒಗೆಯುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ನನ್ನ ಬೆರಳುಗಳಿಗೆ ಆ ಮಣಿಕಟ್ಟು ಸಿಕ್ಕಿದಂತಾಗುತ್ತದೆ. ಬಿಡು, ಬಿಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಆಗ ಗೇಟು ತಳ್ಳಿಕೊಂಡು ಕಾಕ ಬಂದರು. ನಮ್ಮ ದಾರಿಯ ತಿರುವಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಬ್ಯಾರಿ ಮುಸ್ಲಿಂ ಮುದುಕರು. ಊರಿಗೆಲ್ಲ ಅವರು ಕಾಕ, ಊರಿನ ಹುಡುಗಿಯರೆಲ್ಲ ಅವರ ಬಾಯಲ್ಲಿ ಮೋಳೇ, ಅಂದರೆ ಮಗಳೇ. ಬಸ್ಸಿಳಿದ ಮಾವ ಅವರಲ್ಲಿಯೇ ದಾರಿ ಕೇಳಿದ್ದರಂತೆ. ಕುಡಿದವರ ಹಾಗೆ ಕಾಲು ಹಾಕುತ್ತಿದ್ದಾರೆ, ಆದರೆ ಬಾಯಲ್ಲಿ ವಾಸನೆ ಇಲ್ಲ ಎಂದು ಸಂಶಯ ಬಂದು, ಗಿರಾಕಿಗಳನ್ನು ಕಳುಹಿಸಿ, ಅಂಗಡಿಯನ್ನು ಹೆಂಡತಿಗೆ ಬಿಟ್ಟು ಬಂದಿದ್ದರು.

"ಕಾಕಾ, ಶುಗರ್ ಕಾಯಿಲೆ ಉಂಟು ಇವರಿಗೆ, ಅಮ್ಮ ಬೆಲ್ಲ..."

"ಶುಗರ್ ಇಳಿದದ್ದು ಮೋಳೇ, ಏರಿದ್ದಲ್ಲ! ಬೆವರು ನೋಡು! ಈ ಕಾಯಿಲೆಯನ್ನು ಹನ್ನೆರಡು ವರ್ಷದಿಂದ ಸಾಕಿಕೊಂಡು ಬಂದವನು ನಾನು, ನನಗೆ ಗೊತ್ತಿಲ್ಲವಾ? ಬಿಡು ಕೈ! ಅಕ್ಕಾ, ಇಲ್ಲಿ ಕೊಡಿ!" ಕಾಕ ಮಾವನನ್ನು ಮಗ್ಗುಲಿಗೆ ಮಲಗಿಸಿದರು. ಬೆಲ್ಲವನ್ನು ಚೊಂಬಿನ ನೀರಿನಲ್ಲಿ ಅದ್ದಿ, ಬೆರಳಿನಲ್ಲಿ ಮಾವನ ಕೆನ್ನೆಯ ಒಳಗೆ, ಒಸಡಿಗೆ ಉಜ್ಜತೊಡಗಿದರು. "ನೀರು ಹೊಯ್ಯಬೇಡಿ, ಗಂಟಲಿಗೆ ಸಿಕ್ಕುತ್ತದೆ. ಮೋಳೇ, ಓಡು, ರಿಕ್ಷಾ ಕರಿ."

ನಾನು ಓಡಿದೆ. ರಿಕ್ಷಾದಲ್ಲಿ, ಮಾಣಿ ಪೇಟೆಯಲ್ಲಿ ಅಪ್ಪ ನಡೆಸುತ್ತಿದ್ದ ಹೋಟೆಲಿನ ಮುಂದೆ ಹಾದು ಅವರನ್ನೂ ಹತ್ತಿಸಿಕೊಂಡು ಪುತ್ತೂರಿನ ಆಸ್ಪತ್ರೆಗೆ ಮುಟ್ಟುವಾಗ ಮಾವನ ಕೈಬೆರಳು ಅಮ್ಮನ ಸೀರೆಯ ಸೆರಗನ್ನು ಸುಮ್ಮನೆ ಹಿಡಿದಿತ್ತು. ಡಾಕ್ಟರು ರಕ್ತ ನೋಡಿ, ಗ್ಲೂಕೋಸ್ ಏರಿಸಿ, "ಇನ್ನೊಂದು ಅರ್ಧ ಗಂಟೆ ಏನೂ ಕೊಡದೆ ಇದ್ದಿದ್ದರೆ ಕಷ್ಟ ಇತ್ತು. ಬಾಯಿಗೆ ಬೆಲ್ಲ ಹಾಕಿದ್ದು ಯಾರು?" ಎಂದು ಕೇಳಿದರು. ಅಪ್ಪ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಆದದ್ದಿಷ್ಟು. ಮಾವನ ಹೆಂಡತಿ ತಮ್ಮ ಮಗಳ ಬಾಣಂತನಕ್ಕೆಂದು ಮುಂಬೈಗೆ ಹೋಗಿದ್ದರು. ಮಾವ ಬೆಳಿಗ್ಗೆ ಮಾತ್ರೆ ನುಂಗಿ, ಏನೂ ತಿನ್ನದೆ ಬಸ್ಸು ಹತ್ತಿದ್ದರು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸುವಾಗ ಹೋಟೆಲಿಗೆ ಹೋಗಿ ಕೂತರಂತೆ. ಆದರೆ ತಂಗಿಯ ಮುಖ ನೋಡುವ ಹೆದರಿಕೆಗೆ ಒಂದು ತುತ್ತೂ ಇಳಿಯಲಿಲ್ಲವಂತೆ.

ಮಾವನಿಗೆ ಪೂರ್ತಿ ಎಚ್ಚರವಾದದ್ದು ಮಧ್ಯಾಹ್ನ ಮೂರಕ್ಕೆ. ನಾಲಿಗೆಯನ್ನು ಬಾಯಲ್ಲಿ ಆಡಿಸಿದರು.

"ಬಾಯಿ ಎಂಥ ಸಿಹಿ ಮಾರಾಯ್ತಿ?"

ಅಮ್ಮ ಎದ್ದು ಹೊರಗೆ ಹೋದರು. ವರಾಂಡದ ನಲ್ಲಿಯಲ್ಲಿ ನೀರು ಬೀಳುವ ಸದ್ದು ತುಂಬ ಹೊತ್ತು ಕೇಳಿತು. ಮುಖ ತೊಳೆದುಕೊಂಡು ಒಳಗೆ ಬಂದು, ಸೆರಗಿನಿಂದ ಒರೆಸಿಕೊಂಡು, ಎಲ್ಲ ಮಾಮೂಲಿ ಎನ್ನುವ ಹಾಗೆ ಹೇಳಿದರು: "ಬೆಲ್ಲ. ನನ್ನ ಮನೆಯದ್ದು."

ಮಾವ ಅತ್ತರು. ಅರುವತ್ತು ದಾಟಿದ, ಊರಿನ ಪಂಚಾಯಿತಿಕೆ ಮಾಡುವ ಗಂಡಸು ವಾರ್ಡಿಗೆಲ್ಲ ಕೇಳುವ ಹಾಗೆ ಅತ್ತರು. ಪಕ್ಕದ ಮಂಚದ ಅಜ್ಜಿ, ಯಾರೋ ತೀರಿಕೊಂಡರೆಂದು ತಿಳಿದು, ಎದ್ದು ಕೂತರು. "ಸ್ವಲ್ಪ ಮೆಲ್ಲ ಅಳಿ ಬಾವ, ಡಾಕ್ಟರು ಇನ್ನೊಂದು ಸೂಜಿ ಹಾಕ್ತಾರೆ" ಎಂದು ಅಪ್ಪ ಹೇಳಿದ್ದೇ ಅಮ್ಮ ಅಪ್ಪನ ಮೇಲೆ ತಿರುಗಿಬಿದ್ದರು. "ನೀವು ಸುಮ್ಮನಿರಿ. ಅವತ್ತು ಬಸ್ಸಿನಲ್ಲಿ ಸುಮ್ಮನಿದ್ದವರಿಗೆ ಇವತ್ತು ಮಾತು ಬಂತಾ?" ಹತ್ತೊಂಬತ್ತು ವರ್ಷದ ಬಾಕಿ ಬೈಗಳು. ಅಪ್ಪ ತಲೆ ತಗ್ಗಿಸಿ ಹೊರಗೆ ಹೋಗಿ ಎಲ್ಲರಿಗೂ ಚಹಾ ತಂದರು.

ಅಮ್ಮನ ಹೆದರಿಕೆ ಶುರುವಾದದ್ದು ಆಮೇಲೆ. ಆಣೆ ಮುರಿಯಿತಲ್ಲ. ಅದೂ ಬಿಡಿಸಿಕೊಳ್ಳದೆ, ತನ್ನ ಅಂಗಳದಲ್ಲೇ, ತನ್ನ ಮಡಿಲಲ್ಲೇ. ಇದರ ಫಲ ಅಣ್ಣನ ಮೇಲೆ ಬೀಳುತ್ತದೆ ಎಂಬುದೊಂದೇ ಅವರ ತಲೆಯಲ್ಲಿ.

"ಪ್ರಜ್ಞೆ ಇಲ್ಲದವನಿಗೆ ಎಂಥ ಆಣೆ?" ಎಂದರು ಮಾವ.

"ಬಾಯಿಗೆ ಬೆಲ್ಲ ಹಾಕಿದ್ದು ನಾನಲ್ಲವಾ ಅಕ್ಕ? ನಿಮ್ಮ ದೇವರಿಗೆ ನನ್ನ ಲೆಕ್ಕ ಇಲ್ಲ" ಎಂದರು, ನೋಡಲು ಬಂದ ಕಾಕ.

"ಬೆಲ್ಲ ನನ್ನದು" ಎಂದರು ಅಮ್ಮ.

ಎರಡು ದಿನದ ಮೇಲೆ ಆಸ್ಪತ್ರೆಯಿಂದ ಬಿಟ್ಟರು. ಮಾತ್ರೆ ಬದಲಿಸಿದ್ದೇವೆ, ಕೆಲವು ದಿನ ಸಕ್ಕರೆ ಪುನಃ ಇಳಿಯಬಹುದು, ರಾತ್ರಿ ನೋಡಿಕೊಳ್ಳಿ, ದೂರ ಪ್ರಯಾಣ ಬೇಡ ಎಂದರು. ಒಬ್ಬರೇ ಇರುವ ಅಳದಂಗಡಿಯ ಮನೆಗೆ ಕಳುಹಿಸುವ ಹಾಗಿಲ್ಲ. ನಮ್ಮ ಮನೆಗೆ ಕರೆತಂದರೆ ಊಟ ಹಾಕುವ ಹಾಗಿಲ್ಲ, ಆಣೆ ಇನ್ನೂ ಬಿಡಿಸಿಲ್ಲ. ದಾರಿ ಹುಡುಕಿದ್ದು ಅಪ್ಪ.

"ಹೋಟೆಲು ಮನೆ ಅಲ್ಲವಲ್ಲ? ಅದಕ್ಕೆ ಲೈಸೆನ್ಸ್ ಬೇರೆ ಉಂಟು."

ಹೀಗೆ ಒಂಬತ್ತು ದಿನ ಮಾವ ತಂಗಿಯ ಜಗಲಿಯಲ್ಲಿ ಕೂತು ಬಾವನ ಹೋಟೆಲಿನ ಇಡ್ಲಿ, ಗಂಜಿ, ಪಲ್ಯ ಉಂಡರು. ಕುಡಿಯುವ ನೀರೂ ಹೋಟೆಲಿನಿಂದ ಬಾಟಲಿಯಲ್ಲಿ. ಅಮ್ಮ ಒಳಗೆ, ಮಾವ ಹೊರಗೆ, ಬಾಗಿಲು ತೆರೆದು ಎದುರು ಬದುರು ಕೂತು ಉಣ್ಣುತ್ತಿದ್ದರು. ಆ ಹೀಬ್ರೂ ಕಥೆಯಲ್ಲಿಯೂ ಹೀಗೆಯೇ. ತಮ್ಮನಿಗೆ ಬೇರೆ, ಅಣ್ಣಂದಿರಿಗೆ ಬೇರೆ ಬಡಿಸುತ್ತಾರೆ. ಆ ದೇಶದ ಕಟ್ಟಳೆಯಂತೆ ಒಂದೇ ಪಂಕ್ತಿಯಲ್ಲಿ ಕೂರುವ ಹಾಗಿರಲಿಲ್ಲ. ನಾನು ಪ್ರಬಂಧದಲ್ಲಿ ಅದನ್ನು ಬಿಟ್ಟೇ ಬಿಟ್ಟಿದ್ದೆ.

"ಈ ಸಾಂಬಾರಿನ ಮಸಾಲೆ ಕಡೆಯುವುದು ಯಾರು ಬಾವ?" ಎಂದು ಮಾವ ಮೂರನೆಯ ದಿನ ಕೇಳಿದರು.

"ಹೋಟೆಲಿನವರು" ಎಂದರು ಅಪ್ಪ.

"ಅಮ್ಮನ ಕೈಯ ಹಾಗೆ ಉಂಟು. ಕೊತ್ತಂಬರಿ ಸ್ವಲ್ಪ ಹೆಚ್ಚೇ ಹುರಿದದ್ದು."

ಹೋಟೆಲಿನ ಮಸಾಲೆ ಪ್ರತಿದಿನ ಬೆಳಿಗ್ಗೆ ನಮ್ಮ ಅಡಿಗೆಮನೆಯಲ್ಲಿ ಅಮ್ಮನೇ ಹುರಿದು ಕಡೆದು ಕಳುಹಿಸುತ್ತಿದ್ದದ್ದು. ಮಾವನಿಗೆ ಗೊತ್ತು, ಮಾವನಿಗೆ ಗೊತ್ತೆಂದು ಅಮ್ಮನಿಗೂ ಗೊತ್ತು. ಮಾವ ಇನ್ನೊಂದು ಸೌಟು ಹಾಕಿಸಿಕೊಂಡರು.

ಅಮ್ಮನಿಗೆ ಆ ದಿನಗಳಲ್ಲಿ ನಿದ್ರೆಯೇ ಇರಲಿಲ್ಲ. ಎರಡೆರಡು ಗಂಟೆಗೆ ಎದ್ದು ಅಣ್ಣನ ಹಣೆ ಮುಟ್ಟಿ ಬೆವರಿದೆಯಾ ಎಂದು ನೋಡುವುದು. ಅವರು ಹಾಗೆ ಮುಟ್ಟಿದ ಕೂಡಲೇ ಮಾವನಿಗೂ ಎಚ್ಚರ. ನಾನಂತೂ ಮಲಗುತ್ತಲೇ ಇರಲಿಲ್ಲ. ಮಾವ ಜಗಲಿಯಲ್ಲಿ ಕೆಮ್ಮಿದರೂ ನನ್ನ ಕೈ ಯಾರದ್ದೋ ಕೈಯನ್ನು ಹಿಡಿದುಕೊಂಡ ಹಾಗೆ ಮಡಚಿಕೊಳ್ಳುತ್ತಿತ್ತು.

ಒಂದು ಸಂಜೆ ಕಾಕನ ಅಂಗಡಿಯಲ್ಲಿ ಕೂತು ಅವರಿಗೆ ಎಲ್ಲ ಹೇಳಿದೆ. ಕಾಗದ, ಪ್ರಬಂಧ, ನಡುಕ ನೋಡಿ ನಾನು ಖುಷಿಪಟ್ಟದ್ದು. ಬೈಯುತ್ತಾರೆಂದುಕೊಂಡಿದ್ದೆ. ಕಾಕ ಬೀಡಿ ಕಟ್ಟುಗಳನ್ನು ಜೋಡಿಸುತ್ತಾ ಕೇಳಿಸಿಕೊಂಡರು.

"ಆ ಕತೆ ನಮ್ಮಲ್ಲಿಯೂ ಉಂಟು ಮೋಳೇ. ಬಾವಿಗೆ ಹಾಕಿದ ತಮ್ಮನದ್ದು. ಮದ್ರಸದಲ್ಲಿ ಉಸ್ತಾದರು ಹೇಳುವಾಗ ನಾನು ಕೂಡ ಅತ್ತಿದ್ದೇನೆ. ಆದರೆ ಅಣ್ಣಂದಿರು ಬಂದಾಗ ಆ ತಮ್ಮ ಮೊದಲು ಏನು ಮಾಡಿದ ಹೇಳು?"

"ಮುಖ ತಿರುಗಿಸಿ ಅತ್ತ."

"ಅತ್ತಿರಬಹುದು. ಆದರೆ ಅವರ ಚೀಲ ತುಂಬಿಸದೆ ಕಳುಹಿಸಿದನಾ? ಹಸಿದು ಬಂದವರಿಗೆ ಹೊಟ್ಟೆಗೆ ಕೊಟ್ಟ. ನಾನು ಯಾರು ಎಂಬುದನ್ನೆಲ್ಲ ಆಮೇಲೆ ಹೇಳಿದ. ನೀನು ಕಣ್ಣೀರು ಲೆಕ್ಕ ಹಾಕಿದ್ದಿ, ಅಕ್ಕಿ ಬಿಟ್ಟಿದ್ದಿ. ದಿನಸಿ ಅಂಗಡಿಯವನಿಗೆ ಅಕ್ಕಿಯೇ ಕಾಣುವುದು, ಏನು ಮಾಡುವುದು?" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ, "ನನಗೆ ಮೊದಲ ಸಲ ಹೀಗಾದಾಗ ನನ್ನ ಹೆಂಡತಿ ದೆವ್ವ ಹಿಡಿದಿದೆ ಎಂದು ಚಪ್ಪಲಿಯಲ್ಲಿ ಹೊಡೆದಿದ್ದಾಳೆ. ನೀನು ಬರೇ ಕೈ ಹಿಡಿದದ್ದು" ಎಂದರು.

ರಜೆ ಮುಗಿದು ಹಾಸ್ಟೆಲಿಗೆ ಹೋದ ಮೇಲೆ ನಾನು ಆ ಭಾಗವನ್ನು ಪುನಃ ಓದಿದೆ. ಹೌದು, ಕಾಕ ಹೇಳಿದ್ದು ಸರಿ. ಮೊದಲ ಭೇಟಿಯಲ್ಲಿಯೇ ಅವನು ಚೀಲಗಳನ್ನು ತುಂಬಿಸುತ್ತಾನೆ, ದಾರಿಗೆ ಬುತ್ತಿ ಕಟ್ಟಿಸುತ್ತಾನೆ. ಇನ್ನೊಂದು ಸಂಗತಿಯೂ ಕಂಡಿತು. ಅವನು ನಾನು ನಿಮ್ಮ ತಮ್ಮ ಎಂದಾಗ ಅಣ್ಣಂದಿರಿಗೆ ಸಂತೋಷವಾಗುವುದಿಲ್ಲ, ಹೆದರಿ ಮಾತೇ ಹೊರಡುವುದಿಲ್ಲ. ಅವನು ಹತ್ತಿರ ಕರೆದು, ಅಪ್ಪಿ, ಅತ್ತ ಮೇಲೆ ಅವರು ಅವನ ಸಂಗಡ ಮಾತಾಡಿದರು ಎಂದಷ್ಟೇ ಉಂಟು. ಏನು ಮಾತಾಡಿದರೆಂದು ಬರೆದಿಲ್ಲ. ನಮ್ಮ ಜಗಲಿಯಲ್ಲಿ ಅಣ್ಣತಂಗಿ ಆಡಿದಂಥ ಮಾತೇ ಇರಬಹುದು: ಆ ಕೆಂಪು ದನ ಏನಾಯಿತು, ಪಕ್ಕದ ಮನೆಯವಳಿಗೆ ಎಷ್ಟು ಮಕ್ಕಳು, ಬಾವಿಗೆ ಪಂಪು ಹಾಕಿಸಿದಿರಾ.

ನಮ್ಮ ಜಗಲಿಗೆ ಬಂದ ಎಂಟನೆಯ ದಿನ ಮಾವ ಅಜ್ಜಿಯ ಸಾವಿನ ಮಾತು ಎತ್ತಿದರು. ಅಮ್ಮ ಒಳಗೆ ಹಲಸಿನ ಬೀಜ ಸುಲಿಯುತ್ತಿದ್ದರು.

"ಹೇಳಿ ಕಳುಹಿಸಬೇಡ ಎಂದದ್ದು ಅಮ್ಮನೇ. ಉಸಿರು ಹೋಗುವ ಹಿಂದಿನ ದಿನ. ಅವಳು ಹೆದರಿದರೆ ಮಗು ಹೆದರುತ್ತದೆ ಅಂದರು."

"ಗೊತ್ತುಂಟು."

"ಯಾರು ಹೇಳಿದ್ದು?"

"ಯಾರು ಹೇಳಬೇಕು? ಅಮ್ಮನ ಬುದ್ಧಿ ನನಗೆ ಗೊತ್ತಿಲ್ಲವಾ? ಸತ್ತವರ ಮೇಲೆ ಸಿಟ್ಟು ಮಾಡಲಿಕ್ಕೆ ಆಗ್ತದಾ ಅಣ್ಣ? ನೀವು ಇದ್ದಿರಿ, ಮಾಡಿದೆ."

ಮಾವ ಬಾಗಿಲಿನ ಹತ್ತಿರ ಸರಿದು ಕೂತು, "ಒಳ್ಳೆಯದಾಯಿತು. ನಾನಾದರೂ ಸಿಕ್ಕಿದೆನಲ್ಲ" ಎಂದರು.

ಮರುದಿನ ಡಾಕ್ಟರು ಪ್ರಯಾಣಕ್ಕೆ ಒಪ್ಪಿದರು. ಅದರ ಮರುದಿನವೇ ಬೆಳಿಗ್ಗೆ, ಹೋಟೆಲಿನ ಇಡ್ಲಿ ತಿನ್ನಿಸಿ, ಮಾತ್ರೆ ಕೊಟ್ಟು, ಕಾಕ ಕೊಟ್ಟ ಪೆಪ್ಪರ್‌ಮಿಂಟನ್ನು ಮಾವನ ಎರಡೂ ಕಿಸೆಗೆ ತುಂಬಿ, ಕಾರು ಮಾಡಿಕೊಂಡು ಕ್ಷೇತ್ರಕ್ಕೆ ಹೋದೆವು. ಅಣ್ಣತಂಗಿ ಅಕ್ಕಪಕ್ಕ ನಿಂತು ತಮ್ಮ ತಮ್ಮ ಮಾತನ್ನು ತಮ್ಮ ಬಾಯಲ್ಲೇ ಹೇಳಿ, ತಪ್ಪಾಯಿತು ಎಂದರು. ಅಮ್ಮ ಬೆಲ್ಲದ ವಿಷಯವನ್ನೂ ಬಿಡಲಿಲ್ಲ. ಅದಾದದ್ದು ಹೇಗೆಂದು ದೇವರಿಗೆ ಮೊದಲಿನಿಂದ ವಿವರಿಸಿದರು. "ಮಗಳು ಕೈ ಹಿಡಿದದ್ದು ಕೂಡ ಕೆಟ್ಟದ್ದಕ್ಕಲ್ಲ, ಸ್ವಾಮೀ" ಎಂದದ್ದು ಹಿಂದೆ ನಿಂತ ನನಗೆ ಕೇಳಿಸಿತು. ನಾನು ಅಂದು ಅತ್ತಷ್ಟು ಯಾವ ಪುಸ್ತಕಕ್ಕೂ ಅತ್ತಿಲ್ಲ. ಅಲ್ಲಿಯೇ ಛತ್ರದ ಉದ್ದ ಪಂಕ್ತಿಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಉಂಡರು. ಮಾವ ಎರಡನೆಯ ಸಲ ಪಾಯಸಕ್ಕೆ ಕೈ ಒಡ್ಡಿದಾಗ ಅಮ್ಮ ಅವರ ಕೈಗೇ ಒಂದು ಪೆಟ್ಟು ಕೊಟ್ಟರು.

ಸಂಜೆ ಮನೆಗೆ ಬಂದು ಅಮ್ಮ ಒಲೆ ಹಚ್ಚಿದರು. ಕುಚ್ಚಲಕ್ಕಿ ಅನ್ನ, ಹಲಸಿನ ಬೀಜದ ಸಾರು, ಒಣಮೀನಿನ ಚಟ್ನಿ. ಮಾವ ಒಳಗೆ ಬಂದು ಮಣೆಯಲ್ಲಿ ಕೂತರು. ಹೋಟೆಲಿನಿಂದ ಅಪ್ಪ ತಂದ ಪೊಟ್ಟಣ ಹಾಗೇ ಉಳಿಯಿತು. "ನನ್ನ ವ್ಯಾಪಾರ ಹೋಯಿತು" ಎಂದು ಅವರು ಗೊಣಗಿದರು.

ಮರುದಿನ ನನಗೆ ಎಚ್ಚರವಾಗುವಾಗ ಬಿಸಿಲು ಕೋಣೆಯೊಳಗೆ ಬಂದಿತ್ತು. ಅಷ್ಟು ಹೊತ್ತು ನಾನೂ ಮಲಗಿದ್ದೆ ಎಂಬುದೇ ಆಶ್ಚರ್ಯ. ಹೊರಗೆ ಬಂದು ನೋಡಿದರೆ ಮಾವ ಜಗಲಿಯ ಮಂಚದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಹಣೆ ಒಣಗಿತ್ತು. ಅಮ್ಮ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ಮೈಯೆಲ್ಲ ಸಡಿಲಬಿಟ್ಟು ಮಲಗಿದ್ದರು. ಬಾಗಿಲಿನಿಂದ ಕರೆದೆ.

"ಅಮ್ಮ, ಎಂಟು ಗಂಟೆ."

ಅವರು ಗಾಬರಿಯಿಂದ ಎದ್ದು ಕೂತರು. "ರಾತ್ರಿ ನಾನು ಏಳಲೇ ಇಲ್ಲವಾ?"

"ಇಲ್ಲ."

"ಅಣ್ಣ?"

"ಅವರೂ ಎದ್ದಿಲ್ಲ. ಇನ್ನೂ ಮಲಗಿದ್ದಾರೆ."

ಅಮ್ಮ ಒಂದು ಕ್ಷಣ ಕಿವಿಗೊಟ್ಟು ಜಗಲಿಯ ಗೊರಕೆ ಕೇಳಿದರು. ಆಮೇಲೆ ಕೂದಲು ಗಂಟು ಹಾಕಿಕೊಳ್ಳುತ್ತಾ, "ಹಾಗಾದರೆ ಈಗ ಎಬ್ಬಿಸಬೇಡ, ನಾನು ಮೊದಲು ದೋಸೆ ಹೊಯ್ಯುತ್ತೇನೆ" ಎಂದು ಅಡಿಗೆಮನೆಗೆ ಹೋದರು.